ಪರೀಕ್ಷೆಗೆ ಇಟ್ಟ ಹಲ್ಲು

ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಪರವಾಗಿಲ್ಲಕ್ಕ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ, ಅದನ್ನು ಓದುವವರು ಯಾರೂ ಇಲ್ಲ. ಬಿಸಿ ಹಬೆ ಕೈಗೆ ಹೊಡೆದರೂ ಪರವಾಗಿಲ್ಲ. ಅವಳಿಗೆ ಬರಬೇಕಾದ ರಜೆಯನ್ನು ಸೂಪರ್‌ವೈಸರ್ ಇನ್ಯಾರಿಗೋ ಕೊಟ್ಟರೂ ಪರವಾಗಿಲ್ಲ. ಯಾರೋ ಅವಳ ಊಟದ ಡಬ್ಬಿಯನ್ನು ತಮ್ಮದೆಂದು ತೆಗೆದುಕೊಂಡು ಹೋಗಿ ಅರ್ಧ ತಿಂದು ತಂದುಕೊಟ್ಟರೂ ಪರವಾಗಿಲ್ಲ. ಮೊದಮೊದಲು ನಾನು ಇದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಆಮೇಲೆ ಒಂದಷ್ಟು ದಿನ ಸೊಕ್ಕು ಎಂದುಕೊಂಡೆ. ಎರಡೂ ಅಲ್ಲ ಎಂದು ತಿಳಿಯುವುದಕ್ಕೆ ಹನ್ನೊಂದು ವರ್ಷ ಮತ್ತು ಒಂದು ಹುಳುಕು ಹಲ್ಲು ಬೇಕಾಯಿತು.

ನಾವಿಬ್ಬರೂ ಜೋಡಿ. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆ ಒಬ್ಬರೇ ಮಡಿಸುವಂಥದ್ದಲ್ಲ, ಅಷ್ಟು ಅಗಲ. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿದ್ದಂತೆ ಆ ತುದಿಯ ಎರಡು ಮೂಲೆ ಅವಳು ಹಿಡಿಯುತ್ತಾಳೆ, ಈ ತುದಿಯ ಎರಡು ಮೂಲೆ ನಾನು. ಒಮ್ಮೆ ಕೊಡವಬೇಕು, ಉದ್ದಕ್ಕೆ ಅರ್ಧ ಮಾಡಬೇಕು, ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು. ನನ್ನ ಕೈಯಲ್ಲಿದ್ದದ್ದು ಅವಳ ಕೈಗೆ ಹೋಗುತ್ತದೆ, ನಾನು ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡು ಹಿಂದೆ ಸರಿಯುತ್ತೇನೆ. ದಿನಕ್ಕೆ ನಾಲ್ಕೈದು ನೂರು ಸಲ ಹೀಗೆ ಅವಳ ಮುಖ ನನ್ನ ಮುಖದ ಹತ್ತಿರ ಬರುತ್ತದೆ. ಕಟ್ಟಿಕೊಂಡ ಗಂಡನ ಮುಖವನ್ನೂ ನಾನು ಇಷ್ಟು ಹತ್ತಿರದಿಂದ ಇಷ್ಟು ಸಲ ನೋಡಿಲ್ಲ, ನೋಡುವ ಆಸೆಯೂ ಇಲ್ಲ ಬಿಡಿ.

ನನ್ನದು ಬಾಯಿ, ಅವಳದು ಕಿವಿ. ನಮ್ಮತ್ತೆಯ ಕಿರಿಕಿರಿ, ಗಂಡನ ಗೊರಕೆ, ನಾದಿನಿಯ ಒಣಜಂಬ, ಎಲ್ಲವನ್ನೂ ಬಟ್ಟೆಯ ಜೊತೆ ಅವಳ ಕಡೆ ಕೊಡವುತ್ತೇನೆ. ಅವಳು ಹೂಂಗುಟ್ಟುತ್ತಾಳೆ. ನೀನೂ ಏನಾದರೂ ಹೇಳೇ ಎಂದರೆ ಹೇಳುವುದಕ್ಕೇನಿದೆ ಎನ್ನುತ್ತಾಳೆ.

ಐದು ವರ್ಷದ ಹಿಂದೆ ಅವಳ ಗಂಡ ಹೋದ. ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸದವನು. ಬೆಳಿಗ್ಗೆ ಚೆನ್ನಾಗಿಯೇ ಕೆಲಸಕ್ಕೆ ಹೋದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ಇವಳು ಮತ್ತು ಇವಳ ಅತ್ತೆ. ಐದನೆಯ ದಿನ ಬಂದು ಮಡಿಸುವ ಮೇಜಿನ ಹತ್ತಿರ ನಿಂತಳು. ಇಷ್ಟು ಬೇಗ ಯಾಕೆ ಬಂದೆ ಎಂದು ಗದರಿದೆ. ಮನೆಯಲ್ಲಿ ಕೂತು ಏನು ಮಾಡುವುದು, ಪರವಾಗಿಲ್ಲ ಎಂದು ಮೂಲೆ ಹಿಡಿದಳು. ನಿಜ ಹೇಳುತ್ತೇನೆ, ಅವಳು ಅಳುತ್ತಾಳೆ ಎಂದು ನಾನು ಕಾದಿದ್ದೆ, ಸಮಾಧಾನದ ಮಾತೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಆ ದಿನ ಅಳಲಿಲ್ಲ, ಆ ತಿಂಗಳು ಅಳಲಿಲ್ಲ, ಆ ವರ್ಷವೂ ಅಳಲಿಲ್ಲ. ಅತ್ತೆಯೇ ಇಬ್ಬರ ಪಾಲಿನದ್ದನ್ನೂ ಅತ್ತು ಮುಗಿಸಿದರಂತೆ. ನನಗೆ ಕೋಪ ಬಂದಿತ್ತು. ಇವಳಿಗೆ ಏನೂ ಅನ್ನಿಸುವುದೇ ಇಲ್ಲವೇನೋ ಎಂದುಕೊಂಡು, ಒಂದೆರಡು ಸಲ ಕೇಳಿ, ಕೇಳುವುದನ್ನು ಬಿಟ್ಟುಬಿಟ್ಟೆ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅವಳ ಬಾಯಲ್ಲಿ ಎಡಗಡೆಯ ದವಡೆ ಹಲ್ಲುಗಳು ಆಗಲೇ ಇರಲಿಲ್ಲ. ನೋವು ಬಂದಾಗಲೆಲ್ಲ ಒಂದೊಂದನ್ನೇ ಕೀಳಿಸಿಕೊಂಡು ಬಂದಿದ್ದಳು, ಯಾಕೆಂದರೆ ಕೀಳುವುದು ಅಗ್ಗ, ಉಳಿಸುವುದು ದುಬಾರಿ. ಬಲಗಡೆ ಕೆಳಗೆ ಒಂದು ದೊಡ್ಡ ದವಡೆ ಹಲ್ಲು ಉಳಿದಿತ್ತು. ಅಗಿಯುವ ಕೆಲಸವೆಲ್ಲ ಅದೊಂದರದೇ. ಒಂದು ಬೆಳಿಗ್ಗೆ ಮೂಲೆಗೆ ಮೂಲೆ ಸೇರಿಸುವಾಗ ನೋಡುತ್ತೇನೆ, ಬಲಗೆನ್ನೆ ಸ್ವಲ್ಪ ಮುಂದೆ ಬಂದಿದೆ, ಕಣ್ಣಿನ ಕೆಳಗೆ ಕಪ್ಪು. ಏನೇ ಇದು ಎಂದೆ. ಪರವಾಗಿಲ್ಲ ಎಂದಳು. ಮಧ್ಯಾಹ್ನ ಅವಳು ರೊಟ್ಟಿಯ ಚೂರನ್ನು ನೀರಿನಲ್ಲಿ ಅದ್ದಿ ನುಂಗುತ್ತಿದ್ದುದನ್ನು ಕಂಡು ಡಬ್ಬಿ ಕಿತ್ತುಕೊಂಡು ಕೂತೆ, ಹೇಳುವವರೆಗೂ ಕೊಡುವುದಿಲ್ಲ ಎಂದು. ಆಗ ಅವಳು ತನ್ನ ಪಾಲಿಗೆ ಬಹಳ ಉದ್ದದ್ದೆನ್ನಬಹುದಾದ ಒಂದು ಮಾತು ಹೇಳಿದಳು.

"ಇದೂ ಹೋದ್ರೆ ನಾನೂ ಅತ್ತೆನೂ ಒಂದೇ ಬಟ್ಟಲಲ್ಲಿ ಕಲಸ್ಕೊಂಡು ತಿನ್ನಬೇಕು."

ಅತ್ತೆಗೆ ಎಂಬತ್ತೆರಡು, ಬೊಚ್ಚುಬಾಯಿ. ಇವಳಿಗೆ ನಲವತ್ತಾರು.

ಕಂಪನಿ ನಮಗೆಲ್ಲ ಆರೋಗ್ಯ ವಿಮೆಯ ಕಾರ್ಡು ಕೊಟ್ಟಿದೆ. ನಮ್ಮ ಫೋಟೋ ಕಳ್ಳರ ಫೋಟೋದಂತೆ ಬಂದಿದೆ, ಆದರೂ ಕಾರ್ಡು ಕಾರ್ಡೇ. ಅದನ್ನು ಹಿಡಿದುಕೊಂಡು ಇಬ್ಬರೂ ಆಫೀಸಿಗೆ ಹೋದೆವು. ಗುಮಾಸ್ತ ಕನ್ನಡಕ ಏರಿಸಿಕೊಂಡು ನಿಯಮದ ಪುಸ್ತಕ ತಿರುವಿದ. ಕಣ್ಣು ಇದೆ, ಕಿವಿ ಇದೆ, ಮೂಗಿನೊಳಗಿನ ಮೂಳೆ ಇದೆ, ಕಾಲಿನ ಕಿರುಬೆರಳೂ ಇದೆ. ಹಲ್ಲು ಇಲ್ಲ. ಅಪಘಾತದಲ್ಲಿ ಮುರಿದರೆ ಮಾತ್ರ ಕೊಡುತ್ತಾರಂತೆ, ತಾನಾಗಿ ಕೆಟ್ಟರೆ ಇಲ್ಲ. ಹಲ್ಲೇನು ನಾವು ಬಾಡಿಗೆಗೆ ತಂದು ಬಾಯಲ್ಲಿ ಇಟ್ಟುಕೊಂಡಿದ್ದೇವೇನಪ್ಪ ಎಂದು ಕೇಳಿದೆ. ಅವನು ನಗುತ್ತಾ, ಹಾಗಾದರೆ ಮೆಟ್ಟಿಲ ಮೇಲಿನಿಂದ ಬೀಳುವುದಕ್ಕೆ ಹೇಳಿ ಎಂದ. ನನಗೆ ಪಿತ್ತ ನೆತ್ತಿಗೇರಿತು. ಪರವಾಗಿಲ್ಲಕ್ಕ ಮೆಟ್ಟಿಲಿನ ಕಡೆ ಒಂದು ಸಲ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ. ತೋಳು ಹಿಡಿದು ಎಳೆದುಕೊಂಡು ಬಂದೆ.

ಖಾಸಗಿ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯವರೇ. ಬೇರು ಗಟ್ಟಿಯಿದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಇಪ್ಪತ್ತು ವರ್ಷ ಬರುತ್ತದೆ ಎಂದು ಹೇಳಿ ಖರ್ಚನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅವಳು ಅದನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಮತ್ತೊಮ್ಮೆ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಅದನ್ನು ಮತ್ತೆ ಬಿಚ್ಚಿದ್ದನ್ನು ನಾನು ನೋಡಿಲ್ಲ.

ಕೊನೆಗೆ ಹಲ್ಲಿನ ಕಾಲೇಜಿಗೆ ಹೋದೆವು. ಅಲ್ಲಿ ಓದುವ ಹುಡುಗ ಹುಡುಗಿಯರು ಕೈ ಪಳಗಿಸಿಕೊಳ್ಳುವುದಕ್ಕೆ ಪುಕ್ಕಟೆಯಾಗಿ ನೋಡುತ್ತಾರೆ. ಉದ್ದನೆಯ ಓಣಿಯಂಥ ವರಾಂಡ, ಎರಡೂ ಕಡೆ ಬೆಂಚು, ಬೆಂಚಿನ ತುಂಬ ಕೆನ್ನೆ ಹಿಡಿದುಕೊಂಡ ಜನ. ಕೂಗಿದಾಗ ಒಳಗೆ ಹೋದರೆ ಒಬ್ಬಳು ಹುಡುಗಿ, ಸಣಕಲಿ, ತಲೆಗೆ ಹಸಿರು ಟೋಪಿ, ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣು. ಕೊನೆಯ ವರ್ಷದವಳಂತೆ. ನಾವು ಅವಳನ್ನು ಡಾಕ್ಟರ್ ಹುಡುಗಿ ಎಂದು ಕರೆಯತೊಡಗಿದೆವು. ಅವಳು ಒಂದು ಹತ್ತಿಯ ಉಂಡೆಗೆ ಏನೋ ತಣ್ಣನೆಯದನ್ನು ಚಿಮ್ಮಿಸಿ ಆ ಹಲ್ಲಿಗೆ ಮುಟ್ಟಿಸಿದಳು. ಪರವಾಗಿಲ್ಲಕ್ಕ ಕುರ್ಚಿಯಿಂದ ಒಂದು ಗೇಣು ಮೇಲೆದ್ದು ಕೂತಳು. ಡಾಕ್ಟರ್ ಹುಡುಗಿಯ ಮುಖ ಅರಳಿತು. ಕೊಳೆತ ಹಲ್ಲೊಂದನ್ನು ನೋಡಿ ಅಷ್ಟು ಸಂತೋಷಪಟ್ಟವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಸಂಗತಿ ಹೀಗೆ. ಇವರ ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬರೂ ತಮ್ಮ ರೋಗಿಯನ್ನು ತಾವೇ ಹುಡುಕಿ ತರಬೇಕು. ಹಲ್ಲು ಇಂಥದ್ದೇ ಆಗಿರಬೇಕು, ಬೇರು ನೆಟ್ಟಗಿರಬೇಕು, ಮೊದಲು ಯಾರೂ ಕೈ ಹಾಕಿರಬಾರದು. ಪರೀಕ್ಷಕರ ಎದುರಿಗೇ ಹಲ್ಲನ್ನು ತೆರೆದು ಕೆಲಸ ಶುರುಮಾಡಬೇಕು. ಈ ಹುಡುಗಿ ಕಳೆದ ಸಲ ಇದರಲ್ಲೇ ಫೇಲಾಗಿದ್ದಳು. ಅವಳ ರೋಗಿ ಪರೀಕ್ಷೆಗೆ ಎರಡು ದಿನ ಇರುವಾಗ ನೋವು ತಡೆಯಲಾರದೆ ಎಲ್ಲೋ ಹೋಗಿ ಹಲ್ಲು ಕೀಳಿಸಿಕೊಂಡುಬಿಟ್ಟಿದ್ದನಂತೆ.

"ಇಂಥ ಹಲ್ಲನ್ನೇ ಹುಡುಕ್ತಿದ್ದೆ ಅಕ್ಕ," ಎಂದಳು. "ಇಪ್ಪತ್ತೆರಡು ದಿನ ತಡ್ಕೊಳ್ಳಿ. ಯಾರ ಕೈಲೂ ಮುಟ್ಟಿಸಬೇಡಿ. ಹಲ್ಲು ಉಳಿಸಿ, ಕ್ಯಾಪೂ ಹಾಕಿಸಿಕೊಡೋದು ನನ್ನ ಜವಾಬ್ದಾರಿ."

ನಾನು ಸುಮ್ಮನಿರಲಿಲ್ಲ. ಹಲ್ಲೇನು ಉಪ್ಪಿನಕಾಯಿಯೇ, ನಿನ್ನ ಪರೀಕ್ಷೆವರೆಗೂ ಜಾಡಿಯಲ್ಲಿ ಇಡುವುದಕ್ಕೆ ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿ, ಬೇಡವಾದರೆ ಸಾಮಾನ್ಯ ಸರದಿಯಲ್ಲಿ ಹೆಸರು ಬರೆಸಬಹುದು ಎಂದಳು. ಆ ಸರದಿ ನಾಲ್ಕು ತಿಂಗಳಿತ್ತು. ನೋವಿನ ಮಾತ್ರೆ ಕೊಟ್ಟು, ನಂಬರು ಬರೆದುಕೊಂಡು, ದಿನಾ ಸಂಜೆ ಫೋನ್ ಮಾಡುತ್ತೇನೆ ಎಂದಳು. ಪರವಾಗಿಲ್ಲಕ್ಕ ಏನು ಹೇಳಿರಬಹುದು ಎಂದು ನಿಮಗೇ ಗೊತ್ತು.

ಹೊರಗೆ ನೀರಿನ ನಲ್ಲಿಯ ಹತ್ತಿರ ಇನ್ನೊಬ್ಬ ಉದ್ದನೆಯ ಹುಡುಗ ಅಡ್ಡ ಬಂದು, ಆಂಟಿ, ನೀವು ಯಾರಿಗಾದರೂ ಬುಕ್ ಆಗಿದ್ದೀರಾ ಎಂದು ಮೆಲ್ಲಗೆ ಕೇಳಿದ. ತನ್ನ ಕಡೆ ಬಂದರೆ ಪರೀಕ್ಷೆಯ ದಿನ ಕಾರು ಕಳಿಸುತ್ತಾನಂತೆ, ಊಟವೂ ಅವನದೇ ಅಂತೆ. ಹುಳುಕು ಹಲ್ಲಿಗೆ ಇಷ್ಟು ಗಿರಾಕಿ ಎಂದು ಗೊತ್ತಿದ್ದರೆ ನಾನೂ ಒಂದನ್ನು ಕೆಡಿಸಿಕೊಳ್ಳುತ್ತಿದ್ದೆ. ಇವಳು ಅವನಿಗೆ, ಆಗಲೇ ಮಾತು ಕೊಟ್ಟಾಯಿತು ಎಂದಷ್ಟೇ ಹೇಳಿ ನಡೆದಳು.

ಮಾರನೆಯ ದಿನ ಕೆಲಸ ಬಿಟ್ಟು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಸರಿಯಾಗಿ ಐದೂಕಾಲಿಗೆ ಫೋನು ಬಂತು. ಹಲ್ಲು ಇದೆ ತಾನೇ, ನೋವು ಇದೆಯಾ, ಹತ್ತರಲ್ಲಿ ಎಷ್ಟು ಎಂದು ಪ್ರಶ್ನೆ. ಇವಳು ತಡವರಿಸಿದಳು. ಯಾವತ್ತೂ ತೂಗಿ ನೋಡಿರದ ವಸ್ತುವಿಗೆ ಬೆಲೆ ಕೇಳಿದ ಹಾಗಾಗಿತ್ತು ಅವಳಿಗೆ. ಆರು ಎಂದಳು. ಆ ಕಡೆಯಿಂದ, ಸರಿ ಅಕ್ಕ, ಜೋಪಾನ ಎಂದು ಕೇಳಿಸಿತು. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆರಲ್ಲ, ಎಂಟು ಹೇಳಬೇಕಿತ್ತು ಎಂದು ನನ್ನ ಹತ್ತಿರ ಹೇಳಿದಳು. ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ, ಮೊಳೆ ಎಷ್ಟು ಬೇಕು ಎಂದು ಅಂಗಡಿಯಲ್ಲಿ ಹೇಳುವಂತೆ ಹೇಳಿದಳು.

ಮೂರನೆಯ ದಿನ ಎಂಟು ಎಂದಳು. ಐದನೆಯ ದಿನ, ತಣ್ಣೀರು ತಾಗಿದರೆ ಕಿವಿಯವರೆಗೂ ಹೋಗುತ್ತದೆ ಎಂದಳು. ಒಂಬತ್ತನೆಯ ದಿನದ ಹೊತ್ತಿಗೆ ಎರಡು ನಿಮಿಷ ಮಾತಾಡುತ್ತಿದ್ದಳು. ನೋವು ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ, ಯಾವಾಗ ಮಂಕಾಗಿರುತ್ತದೆ, ಯಾವಾಗ ಚುಚ್ಚುತ್ತದೆ, ಎಲ್ಲ ವಿವರ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಟ್ಟು ಏನು ಪ್ರಯೋಜನ. ಹನ್ನೊಂದು ವರ್ಷ ಎದುರಿಗೆ ನಿಂತ ನನಗೆ ಸಿಗದ ಮಾತು ಮೊನ್ನೆ ಮೊನ್ನೆ ಸಿಕ್ಕ ಹುಡುಗಿಗೆ ಸಿಗುತ್ತಿತ್ತು, ಅದೂ ಆ ಹುಡುಗಿ ತನ್ನ ಪರೀಕ್ಷೆಯ ಗರಜಿಗೆ ಕೇಳುತ್ತಿದ್ದದ್ದು. ಐದು ಗಂಟೆ ಆಗುತ್ತಿದ್ದಂತೆ ಇವಳ ಕೈ ಚೀಲದೊಳಗೆ ಹೋಗಿ ಫೋನು ಹುಡುಕುತ್ತಿತ್ತು. ಒಂದು ದಿನ ಐದೂವರೆಯಾದರೂ ಫೋನು ಬರಲಿಲ್ಲ. ಬಂದ ಬಸ್ಸು ಹತ್ತದೆ ನಿಂತಳು, ಫೋನು ಬರುವವರೆಗೂ ನನ್ನನ್ನೂ ನಿಲ್ಲಿಸಿಕೊಂಡಳು.

ಹದಿನೆಂಟನೆಯ ದಿನ ಬೆಳಿಗ್ಗೆ ಮೂಲೆಗೆ ಮೂಲೆ ಸೇರಿಸುವಾಗ ಅವಳ ಮುಖ ಬಿಳಿಚಿಕೊಂಡಿತ್ತು. ಜಾಸ್ತಿಯಾಯಿತೇನೇ ಎಂದೆ. ಇಲ್ಲ ಎಂದಳು.

"ನಿಂತುಹೋಯ್ತು. ಬೆಳಿಗ್ಗೆಯಿಂದ ಏನೂ ಇಲ್ಲ. ಐಸ್ ಇಟ್ಕೊಂಡು ನೋಡ್ದೆ, ಅದೂ ಗೊತ್ತಾಗ್ತಿಲ್ಲ."

ನಾನು, ಸದ್ಯ, ದರಿದ್ರ ತೊಲಗಿತು ಎಂದು ನಕ್ಕೆ. ಅವಳು ನಗಲಿಲ್ಲ. ಸಂಜೆ ಹುಡುಗಿಗೆ ಹೇಳಿಬಿಡು ಎಂದೆ. ಹೇಳುವುದಿಲ್ಲ ಎಂದಳು. ಅವಳ ಬಾಯಿಂದ ಅಷ್ಟು ಖಡಾಖಂಡಿತವಾದ ಮಾತನ್ನು ನಾನು ಕೇಳಿದ್ದೇ ಇಲ್ಲ, ಹಾಗಾಗಿ ಬಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ರೋಲರಿನಿಂದ ಇನ್ನೆರಡು ಬಟ್ಟೆ ಬಂದು ನೆಲಕ್ಕೆ ಬಿದ್ದು ಸೂಪರ್‌ವೈಸರ್ ಕೂಗಾಡಿದ. ಆಮೇಲೆ ಯೋಚಿಸಿದಾಗ ಅವಳದೂ ಸರಿ ಅನ್ನಿಸಿತು. ನೋವಿರುವ ಹಲ್ಲು ಎಂದು ತಾನೇ ಆ ಹುಡುಗಿ ಕುಣಿದಾಡಿದ್ದು. ನೋವೇ ಇಲ್ಲ ಎಂದರೆ ಇನ್ನೊಬ್ಬರನ್ನು ಹುಡುಕಿಕೊಂಡರೆ? ಇವಳು ನಾಲ್ಕು ತಿಂಗಳ ಸರದಿಗೆ ಬೀಳಬೇಕು, ಅಷ್ಟರಲ್ಲಿ ಹಲ್ಲು ಏನಾಗುತ್ತದೋ ಯಾರಿಗೆ ಗೊತ್ತು. ಇನ್ನು ನಾಲ್ಕೇ ದಿನ, ಹೇಗೋ ದಾಟಿಕೊಳ್ಳಲಿ ಎಂದು ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಸಂಜೆ ಫೋನು ಬಂತು. ಇದೆ, ಏಳು ಎಂದಳು. ಮಾರನೆಯ ದಿನ ಎಂಟು. ಕಾಣದ ಕಡೆ ಕೂತವರಿಗೆ ಸುಳ್ಳು ಹೇಳುವುದು ಇವಳಿಗೆ ಇಷ್ಟು ಸುಲಭವೇ ಎಂದು ನಾನು ಬೆರಗಾದೆ. ಮೂರನೆಯ ಸಂಜೆ ಬಸ್ ಸ್ಟಾಪಿನಲ್ಲಿ ಜನ ಕಡಿಮೆಯಿತ್ತು, ಆ ಕಡೆಯ ಮಾತೂ ನನಗೆ ಕೇಳಿಸುತ್ತಿತ್ತು. ದಿನದಲ್ಲಿ ಯಾವ ಹೊತ್ತಿಗೆ ಜಾಸ್ತಿ ಎಂದು ಹುಡುಗಿ ಕೇಳಿದಳು.

"ಬೆಳಿಗ್ಗೆ ಎಚ್ಚರ ಆದ ತಕ್ಷಣ ಇರಲ್ಲ," ಎಂದಳು ಇವಳು. "ಒಂದು ನಿಮಿಷ ಮರ್ತೇ ಹೋಗಿರುತ್ತೆ. ಪಕ್ಕಕ್ಕೆ ತಿರುಗ್ತೀನಲ್ಲ, ಆಗ ಗೊತ್ತಾಗುತ್ತೆ."

"ಹಾಗಾದ್ರೆ ಆ ಕಡೆ ಮಲಗಬೇಡಿ ಅಕ್ಕ."

"ಇಲ್ಲ. ಆ ಕಡೆ ಯಾರೂ ಮಲಗಲ್ಲ."

ಹುಡುಗಿ ಬರೆದುಕೊಳ್ಳುತ್ತಿದ್ದಳೋ ಏನೋ, ಹೂಂ ಹೂಂ ಎಂದಳು. ಇವಳು ಹೇಳುತ್ತಿದ್ದದ್ದು ಹಲ್ಲಿನ ಮಾತಲ್ಲ. ಹಲ್ಲಿನ ನೋವು ನಿಂತುಹೋಗಿತ್ತು, ಹೇಳುವುದಕ್ಕೆ ಏನಾದರೂ ಬೇಕಿತ್ತು, ಒಳಗೆ ಇದ್ದದ್ದನ್ನು ತೆಗೆದು ಹೇಳುತ್ತಿದ್ದಳು. ಆಮೇಲೂ ಹೇಳಿದಳು, ಅನ್ನ ಬೇಯಿಸುವುದಕ್ಕೆ ಅಕ್ಕಿ ಅಳೆಯುವಾಗ ಬರುತ್ತದೆ, ಕೈ ತಪ್ಪಿ ಮೂರು ಜನಕ್ಕೆ ಹಾಕಿಬಿಟ್ಟರೆ ಇಡೀ ದಿನ ಇರುತ್ತದೆ ಎಂದು. ಡಾಕ್ಟರ್ ಹುಡುಗಿ ಪಾಪ, ಹಾಗಾದರೆ ಹಬೆ ತಾಗಿ ನೋವು ಬರುತ್ತಿರಬೇಕು, ಒಲೆಯಿಂದ ದೂರ ನಿಲ್ಲಿ ಎಂದಳು. ನಾನು ಬೇರೆ ಕಡೆ ತಿರುಗಿಕೊಂಡು ಬಸ್ಸಿನ ನಂಬರು ನೋಡುವವಳಂತೆ ನಿಂತೆ.

ಪರೀಕ್ಷೆಯ ದಿನ ರಜೆ ಹಾಕಿ ಅವಳ ಜೊತೆ ಹೋದೆ. ದೊಡ್ಡ ಹಾಲ್‌ನಲ್ಲಿ ಸಾಲಾಗಿ ಕುರ್ಚಿಗಳು, ಒಂದೊಂದು ಕುರ್ಚಿಯಲ್ಲೂ ಒಬ್ಬೊಬ್ಬರು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾರೆ, ಪಕ್ಕದಲ್ಲಿ ಹಸಿರು ಟೋಪಿಗಳು ಬೆವರುತ್ತಿವೆ. ಡಾಕ್ಟರ್ ಹುಡುಗಿ ಸಾಮಾನುಗಳನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸುತ್ತಾ, ನೋವು ಹಾಗೇ ಇದೆ ತಾನೇ ಅಕ್ಕ ಎಂದು ಕೇಳಿದಳು. ಇದೆ ಎಂದಳು ಇವಳು. ಹುಡುಗಿ ಕಾಗದದಲ್ಲಿ ಅದನ್ನೇ ಬರೆದಳು. ತಣ್ಣನೆಯ ಹತ್ತಿ ಮುಟ್ಟಿಸಿ ಮತ್ತೊಮ್ಮೆ ನೋಡಲಿಲ್ಲ. ದಿನಾ ಕೇಳಿ ತಿಳಿದುಕೊಂಡಿದ್ದಳಲ್ಲ, ಮತ್ತೆ ನೋಡುವುದೇನು ಎಂದುಕೊಂಡಿರಬೇಕು. ಸಮಯವೂ ಇರಲಿಲ್ಲ.

ಪರೀಕ್ಷಕರು ಬೇರೆ ಕಾಲೇಜಿನಿಂದ ಬಂದವರು, ನರೆತ ತಲೆ, ನಿಧಾನದ ಮಾತು. ಕಾಗದ ಓದಿದರು. ಹತ್ತಿಗೆ ತಣ್ಣನೆಯದನ್ನು ಚಿಮ್ಮಿಸಿ ಹಲ್ಲಿಗೆ ಮುಟ್ಟಿಸಿದರು. ಪರವಾಗಿಲ್ಲಕ್ಕ ಬೆಚ್ಚಿಬಿದ್ದು ಕೆನ್ನೆ ಹಿಡಿದುಕೊಂಡಳು. ನಾಟಕದವರೂ ನಾಚಬೇಕು, ಹಾಗೆ. ಅವರು ಆ ಕಡೆ ತಿರುಗಿ ಇನ್ನೊಂದು ಹತ್ತಿ ತೆಗೆದುಕೊಂಡು ಮತ್ತೆ ಮುಟ್ಟಿಸಿದರು. ಇವಳು ಮತ್ತೆ ಹಾಗೇ ಬೆಚ್ಚಿದಳು, ಅಷ್ಟೇ ಎತ್ತರ, ಅದೇ ಕೈ. ಪರೀಕ್ಷಕರು ಹತ್ತಿಯನ್ನು ಅವಳ ಕಣ್ಣಿನ ಮುಂದೆ ಹಿಡಿದರು.

"ಇದು ಬರೀ ಒಣ ಹತ್ತಿ ಅಮ್ಮ. ನೋವು ನಿಂತು ಎಷ್ಟು ದಿನ ಆಯ್ತು?"

ಡಾಕ್ಟರ್ ಹುಡುಗಿಯ ಕೈಯಲ್ಲಿದ್ದ ಕನ್ನಡಿ ಕಡ್ಡಿ ತಟ್ಟೆಗೆ ಬಿತ್ತು. ಇವಳು ಮಾತ್ರ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದಳು.

"ನಾಲ್ಕು ದಿನ ಆಯ್ತು ಸಾರ್. ಇವರದು ತಪ್ಪಿಲ್ಲ. ಇವರು ದಿನಾ ಕೇಳ್ತಿದ್ರು, ನಾನೇ ಸುಳ್ಳು ಹೇಳ್ದೆ."

ಅವರು ಹುಡುಗಿಯ ಕಡೆ ತಿರುಗಿ, ಇವತ್ತು ಬೆಳಿಗ್ಗೆ ನೀವು ಪರೀಕ್ಷಿಸಿದಿರಾ ಎಂದು ಕೇಳಿದರು. ಇಲ್ಲ ಸರ್, ಕೇಳಿದೆ ಎಂದಳು ಹುಡುಗಿ. ಕೇಳಿದಿರಿ ಎಂದು ಅವರು ಮೆಲ್ಲಗೆ ಹೇಳಿ ಕಾಗದದಲ್ಲಿ ಏನೋ ಬರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲ್ಲಿನ ಒಳಗಿನ ನರ ಸತ್ತಿದೆ, ಬೇರು ಚೆನ್ನಾಗಿದೆ, ಬಂದ ರೋಗಿಯನ್ನು ಹಾಗೇ ಕಳಿಸುವಂತಿಲ್ಲ, ಕೆಲಸ ಶುರುಮಾಡಿ ಎಂದು ಮುಂದಿನ ಕುರ್ಚಿಗೆ ಹೋದರು.

ಹುಡುಗಿ ಮೂರು ಗಂಟೆ ಕೆಲಸ ಮಾಡಿದಳು. ಮರಗಟ್ಟಿಸುವ ಸೂಜಿ ಹೆಚ್ಚು ಕಡಿಮೆ ಬೇಕೇ ಆಗಲಿಲ್ಲ. ಹಲ್ಲಿಗೆ ತೂತು ಕೊರೆದು, ಕೂದಲೆಳೆಯಂಥ ಸೂಜಿಗಳನ್ನು ಬೇರಿನೊಳಗೆ ಇಳಿಸಿ ತಿರುವಿ ತೆಗೆದು, ತೊಳೆದು, ಮತ್ತೆ ಇಳಿಸಿದಳು. ಕೈ ನಡುಗಲಿಲ್ಲ. ಕನ್ನಡಕ ಮಾತ್ರ ಮಂಜಾಗುತ್ತಿತ್ತು, ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದಳು. ಪರವಾಗಿಲ್ಲಕ್ಕ ಮೇಲಿನ ದೀಪವನ್ನೇ ನೋಡುತ್ತಾ ಬಾಯಿ ತೆರೆದುಕೊಂಡಿದ್ದಳು. ಮುಗಿದ ಮೇಲೆ ಹುಡುಗಿ, ಕ್ಯಾಪ್ ಹಾಕುವುದಕ್ಕೆ ಯಾವತ್ತು ಬರಬೇಕು ಎಂದು ಚೀಟಿ ಬರೆದುಕೊಟ್ಟು ಕೈ ತೊಳೆಯಲು ಹೋದಳು.

ಆ ಸಂಜೆ ಫೋನು ಬರಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ಇವಳು ಐದು ಗಂಟೆಗೆ ಚೀಲದಿಂದ ಫೋನು ತೆಗೆಯುವುದು ನಿಲ್ಲಲಿಲ್ಲ. ಕೈಯಲ್ಲಿ ಹಿಡಿದುಕೊಂಡು, ಬಸ್ಸು ಬಂದ ಮೇಲೆ ಒಳಗೆ ಹಾಕುತ್ತಿದ್ದಳು. ಎರಡನೆಯ ವಾರ ನಾನು ಧೈರ್ಯ ಮಾಡಿ, ನಿನ್ನ ಗಂಡನ ಕುರಿತು ನನ್ನ ಹತ್ತಿರವಾದರೂ ಹೇಳಬಹುದಿತ್ತಲ್ಲೇ ಎಂದೆ. ನನ್ನ ದನಿ ಒರಟಾಗಿಯೇ ಬಂತು, ಇರುವುದೇ ಒಂದು ದನಿ. ಅವಳು ಮೂಲೆಗೆ ಮೂಲೆ ಸೇರಿಸಿ, ಬಟ್ಟೆ ತಣ್ಣಗಾಗುತ್ತದೆ, ಹಿಡಿ ಎಂದಳು. ನನಗೆ ಅವಮಾನವಾಯಿತು. ನಾನು ಐದು ವರ್ಷದಲ್ಲಿ ಎರಡು ಸಲ ಕೇಳಿದವಳು, ಆ ಹುಡುಗಿ ಇಪ್ಪತ್ತೊಂದು ಸಲ ಕೇಳಿದ್ದಳು.

ಕ್ಯಾಪ್ ಹಾಕಿಸಿಕೊಳ್ಳುವ ದಿನ ಹೋದಾಗ ಹಾಲ್‌ನಲ್ಲಿ ಜನ ಇರಲಿಲ್ಲ. ಪರೀಕ್ಷೆ ಮುಗಿದು ಹುಡುಗರೆಲ್ಲ ಹೋಗಿದ್ದರು. ಒಂದೇ ಕುರ್ಚಿಯ ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ನಮ್ಮ ಡಾಕ್ಟರ್ ಹುಡುಗಿ. ಅವಳು ಮಾತ್ರ ಯಾಕೆ ಉಳಿದಿದ್ದಾಳೆ ಎಂದು ನನಗೆ ತಿಳಿಯಿತು, ಇವಳಿಗೂ ತಿಳಿದಿರಬೇಕು. ಆದರೂ ಪಾಸಾಯಿತಾ ಎಂದು ಕೇಳಿದಳು. ಇಲ್ಲ ಎಂದಳು ಹುಡುಗಿ, ಕೆಲಸಕ್ಕೆ ಒಳ್ಳೆಯ ಅಂಕ ಬಂದಿದೆ, ರೋಗ ಗುರುತಿಸುವುದರಲ್ಲಿ ಹೋಯಿತು, ಆರು ತಿಂಗಳು ಬಿಟ್ಟು ಮತ್ತೆ ಬರೆಯಬೇಕು. ಇವಳು ಕುರ್ಚಿಯ ಕೈಯನ್ನು ಹಿಡಿದುಕೊಂಡಳು.

ಹುಡುಗಿ ಕ್ಯಾಪನ್ನು ಕೂರಿಸಿದಳು, ತೆಗೆದಳು, ಒಂದು ಕಡೆ ಸ್ವಲ್ಪ ಉಜ್ಜಿ ಮತ್ತೆ ಕೂರಿಸಿದಳು. ಕಚ್ಚಿ ನೋಡಿ ಎಂದಳು. ಕಚ್ಚಿದಳು. ಸರಿಯಾಗಿ ಕೂತಿತ್ತು. ಆಗ ಹುಡುಗಿ ಕೈಗವಸು ಬಿಚ್ಚುತ್ತಾ ಕೇಳಿದಳು. ಕೋಪ ಇರಲಿಲ್ಲ, ಸುಸ್ತು ಇತ್ತು.

"ಯಾಕಕ್ಕ ಸುಳ್ಳು ಹೇಳಿದ್ರಿ? ನೋವು ನಿಂತಿದೆ ಅಂದಿದ್ರೆ ನರ ಸತ್ತಿದೆ ಅಂತ ಬರ್ಕೊಳ್ತಿದ್ದೆ ಅಷ್ಟೇ. ಸತ್ತ ಹಲ್ಲೂ ನಡೀತಿತ್ತು. ನಿಮ್ಮನ್ನ ಬಿಟ್ಟುಹಾಕ್ತಿರಲಿಲ್ಲ."

ನಡೆಯುತ್ತಿತ್ತು. ಆ ನಾಲ್ಕು ದಿನದ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ, ನಾನೂ ಅದಕ್ಕೆ ಬಾಯಿ ಮುಚ್ಚಿಕೊಂಡು ಜೊತೆ ಕೊಟ್ಟಿದ್ದೆ. ಹಲ್ಲಿನ ಭಯಕ್ಕೆ ಹಾಗೆ ಮಾಡಿದಳು, ನನ್ನದೂ ತಪ್ಪಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು, ದೀಪದ ಕಡೆ ನೋಡುತ್ತಾ.

"ಹಲ್ಲಿಗಲ್ಲ. ನೋವಿಲ್ಲ ಅಂದಿದ್ರೆ ನೀವು ಕೇಳೋದು ನಿಲ್ಲಿಸ್ತಿದ್ರಿ."

ಹುಡುಗಿ ಅವಳನ್ನೇ ನೋಡಿದಳು. ಬರೆದುಕೊಂಡಿದ್ದ ಆ ಮಾತುಗಳೆಲ್ಲ, ಪಕ್ಕಕ್ಕೆ ತಿರುಗಿದಾಗ ಬರುವುದು, ಅಕ್ಕಿ ಅಳೆಯುವಾಗ ಬರುವುದು, ಒಂದೊಂದಾಗಿ ಅವಳಿಗೆ ನೆನಪಾಗುತ್ತಿರಬೇಕು. ಕೈಗವಸುಗಳನ್ನು ಬುಟ್ಟಿಗೆ ಹಾಕಿದಳು. ದೀಪ ಆರಿಸಿದಳು.

"ಈಗ್ಲೂ ಇದೆಯಾ ಅಕ್ಕ?" ಎಂದಳು.

"ಇದೆ."

ಎಷ್ಟು ಎಂದು ಹುಡುಗಿ ಕೇಳಲಿಲ್ಲ. ಆ ಹಲ್ಲಿನಲ್ಲಿ ನರ ಉಳಿದಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವಳು ಸ್ಟೂಲು ಎಳೆದುಕೊಂಡು ಕುರ್ಚಿಯ ಪಕ್ಕದಲ್ಲಿ ಕೂತಳು. ನಾನೂ ಇನ್ನೊಂದು ಸ್ಟೂಲು ತಂದು ಆ ಕಡೆ ಹಾಕಿಕೊಂಡೆ.